‘ಕೆರೆ’ ಅಂತ ಹುಡುಕಿದರೆ ‘ಕೆಱೆ’ ಸಿಗುವುದಿಲ್ಲ: ಊರಲ್ಲೇ ಕೂತು ಶಾಸನ ಸಂಶೋಧನೆ ಮಾಡುವವರಿಗೆ ದಾರಿ

“ಸರ್, ನಾಲ್ಕೇ ಸಿಕ್ಕಿದವು. ಇಷ್ಟರಲ್ಲಿ ಥೀಸಿಸ್ ಹೇಗೆ ಬರೆಯಲಿ?”

ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ ಅವಳ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಅವಳ ವಿಷಯ ಶಾಸನಗಳಲ್ಲಿ ಕೆರೆ. ಹಿರಿಯ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಕೂತು ಟೈಪ್ ಮಾಡಿದ ಶಾಸನ ಪಾಠಗಳ ಕಡತ ಅವಳ ಲ್ಯಾಪ್‌ಟಾಪ್‌ನಲ್ಲಿತ್ತು. ಅದರಲ್ಲಿ ‘ಕೆರೆ’ ಅಂತ ಹುಡುಕಿದ್ದಳು. ನಾನು ಅದೇ ಜಾಗದಲ್ಲಿ ‘ಕೆಱೆ’ ಅಂತ ಹಾಕಿದೆ. ಪರದೆ ತುಂಬ ಸಾಲುಗಳು ಬಂದವು. ‘ಕೆಱೆಯ’, ‘ಕೆಱೆಗೆ’, ‘ಕೆಱೆಯಂ’. ಹಳಗನ್ನಡದಲ್ಲಿ ಕೆರೆಗೆ ಇರುವುದು ಶಕಟರೇಫೆ, ಅಂದರೆ ಹಳೆಯ ‘ಱ’ ಅಲ್ವಾ? ಕಂಪ್ಯೂಟರಿಗೆ ರ ಬೇರೆ, ಱ ಬೇರೆ. ನಾವು ಕೇಳಿದ ಅಕ್ಷರವನ್ನಷ್ಟೇ ಅದು ತಂದುಕೊಡುತ್ತದೆ.

ಅವತ್ತಿನಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ನಮ್ಮ ಹಳ್ಳಿ, ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಈಗ ಆಕರಗಳ ಕೊರತೆ ಅಷ್ಟಿಲ್ಲ. ಮೈಸೂರಿಗೋ ಧಾರವಾಡಕ್ಕೋ ಹತ್ತು ಸಲ ಬಸ್ಸು ಹತ್ತಿದರೂ ಸಿಗದಿದ್ದ ಪುಸ್ತಕ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ಕೊರತೆ ಇರುವುದು ಹುಡುಕುವ ಕ್ರಮದಲ್ಲಿ. ಆ ಕ್ರಮವನ್ನು ನನಗೆ ಗೊತ್ತಿರುವ ಶಾಸನದ ಕೆಲಸ ಇಟ್ಟುಕೊಂಡೇ ಹೇಳುತ್ತೇನೆ. ನಿಮ್ಮ ವಿಷಯ ಜಾನಪದವೋ ಪತ್ರಿಕೆಯೋ ಆಗಿದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು: ಯಾರು ಏನು ಬರೆದಿದ್ದಾರೆ ನೋಡಿ

ವಿಷಯ ಗಟ್ಟಿ ಮಾಡುವ ಮುಂಚೆ ಶೋಧಗಂಗಾ ತೆರೆಯಿರಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಲಕ್ಷಗಟ್ಟಲೆ ಇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮ ಬಂದ ಮೇಲೆ ವಿಶ್ವವಿದ್ಯಾಲಯಗಳು ಪ್ರಬಂಧದ ಡಿಜಿಟಲ್ ಪ್ರತಿ ಕೊಡುತ್ತಾ ಬಂದಿವೆ. ಓದಲು ದುಡ್ಡು ಬೇಡ, ಲಾಗಿನ್ ಬೇಡ.

ಇಲ್ಲಿ ಕನ್ನಡದವರು ಎಡವುವ ಜಾಗ ಒಂದಿದೆ. ಕನ್ನಡ ಪ್ರಬಂಧಗಳ ಶೀರ್ಷಿಕೆ ಕೆಲವು ಕನ್ನಡ ಲಿಪಿಯಲ್ಲಿವೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿವೆ. ‘ಶಾಸನ’ ಅನ್ನುವ ಒಂದೇ ಪದವನ್ನು ಒಬ್ಬರು ಒಂದು ಎಸ್ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎಸ್ ಎಚ್ ಹಾಕಿರುತ್ತಾರೆ. ಹಾಗಾಗಿ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಮೂರ್ನಾಲ್ಕು ಥರ ಹುಡುಕಿ. ಆಮೇಲೆ ವಿಶ್ವವಿದ್ಯಾಲಯದ ಹೆಸರು ಹಿಡಿದು, ಕನ್ನಡ ವಿಭಾಗ, ಇತಿಹಾಸ ವಿಭಾಗಗಳ ಪಟ್ಟಿಯನ್ನೇ ಪೂರ್ತಿ ನೋಡಿ. ಬೇಜಾರಿನ ಕೆಲಸ ನಿಜ, ಆದರೆ ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಪ್ರಬಂಧ ಸಿಕ್ಕಿದರೆ ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ. ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಸೂಚಿಯನ್ನು. ಹತ್ತು ವರ್ಷ ಯಾರೋ ಪರದಾಡಿ ಹುಡುಕಿದ ಪುಸ್ತಕಗಳ ಪಟ್ಟಿ ಅದು. ಅದನ್ನು ಓದಿದಾಗ ನಿಮ್ಮ ವಿಷಯದ ಪೂರ್ತಿ ನಕ್ಷೆ ಕಣ್ಣ ಮುಂದೆ ಬರುತ್ತದೆ.

ಪತ್ರಿಕೆಗಳು: ಗ್ರಂಥಪಾಲಕರನ್ನು ಕೇಳಿ

ಈಚಿನ ವರ್ಷಗಳ ದೊಡ್ಡ ಸುದ್ದಿ ‘ಒಂದು ದೇಶ ಒಂದು ಚಂದಾ’ ಯೋಜನೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದವು. 6,300ಕ್ಕೂ ಹೆಚ್ಚು ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ರಾಜ್ಯ ಸರ್ಕಾರದ ಕಾಲೇಜುಗಳೂ ಅದರಲ್ಲಿವೆ.

ನಮ್ಮ ಕಡೆಯ ಎಷ್ಟೋ ಸಂಶೋಧಕರಿಗೆ ಇದು ಗೊತ್ತೇ ಇಲ್ಲ. ಒಂದು ಲೇಖನಕ್ಕೆ ಮೂರು ಸಾವಿರ ಕೇಳುವ ಪುಟ ನೋಡಿ ಸುಮ್ನೆ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಬೇಡಿ. ನಾಳೆ ಲೈಬ್ರರಿಗೆ ಹೋಗಿ ಎರಡು ಪ್ರಶ್ನೆ ಕೇಳಿ: “ನಮ್ಮ ಕಾಲೇಜು ಒಂದು ದೇಶ ಒಂದು ಚಂದಾದಲ್ಲಿ ನೋಂದಣಿ ಆಗಿದೆಯಾ ಸರ್? ಮನೆಯಿಂದ ಓದೋಕೆ ಇನ್‌ಫೆಡ್ ಖಾತೆ ಮಾಡಿಕೊಡ್ತೀರಾ?” ನೋಂದಣಿ ಆಗಿಲ್ಲದಿದ್ದರೆ ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಐದು ಜನ ಸಹಿ ಹಾಕಿ. ಒಬ್ಬರು ಕೇಳಿದರೆ ನಾಳೆ ನೋಡೋಣ ಅನ್ನುತ್ತಾರೆ. ಐದು ಜನ ಬರೆದು ಕೊಟ್ಟರೆ ಕಡತ ಮುಂದೆ ಹೋಗುತ್ತದೆ.

ಮೂಲ ಆಕರ: ಸಂಪುಟದ ಜೊತೆ ಆವೃತ್ತಿಯನ್ನೂ ಬರೆದಿಡಿ

ಶಾಸನದ ಕೆಲಸಕ್ಕೆ ತಾಯಿಬೇರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ. ಬಿ.ಎಲ್. ರೈಸ್ ಶುರು ಮಾಡಿದ ಈ ಮಾಲೆಯ ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಬಂತು. ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ ಪಾಠ, ಇಂಗ್ಲಿಷ್ ಅಕ್ಷರದ ಪಾಠ, ಇಂಗ್ಲಿಷ್ ಅನುವಾದ ಮೂರೂ ಇವೆ. ಹೆಚ್ಚುಕಡಿಮೆ ಜಿಲ್ಲೆಗೊಂದು ಸಂಪುಟ, ಒಳಗೆ ತಾಲ್ಲೂಕುವಾರು ಸಂಖ್ಯೆ. ಕೋಲಾರ 10ನೇ ಸಂಪುಟ, ಚಿತ್ರದುರ್ಗ 11, ತುಮಕೂರು 12. ನಿಮ್ಮ ತಾಲ್ಲೂಕಿನ ಪುಟ ತೆರೆದರೆ ದಿನಾ ಓಡಾಡುವ ಊರಿನ ಹೆಸರೇ ಸಿಗಬಹುದು. ಆ ಖುಷಿಯೇ ಬೇರೆ.

ಇಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಇದೇ ಮಾಲೆಯ ಪರಿಷ್ಕೃತ ಆವೃತ್ತಿ ತಂದಿತು. ಸಂಪುಟಗಳ ಹಂಚಿಕೆ ಬದಲಾಯಿತು, ಶಾಸನಗಳ ಸಂಖ್ಯೆಯೂ ಬದಲಾಯಿತು. ಹಳೆಯ 9ನೇ ಸಂಪುಟ ಅಂದರೆ ಬೆಂಗಳೂರು ಜಿಲ್ಲೆ. ಹೊಸ 9ನೇ ಸಂಪುಟ ಅಂದರೆ ಬೇಲೂರು. ಬರೀ ‘ಎ.ಕ. 9’ ಅಂತ ಬರೆದಿಟ್ಟುಕೊಂಡರೆ ಎರಡು ವರ್ಷದ ಮೇಲೆ ನಿಮಗೇ ತಿಳಿಯುವುದಿಲ್ಲ. ನನ್ನ ಹಳೆಯ ಟಿಪ್ಪಣಿ ಪುಸ್ತಕದ ಒಂದು ಹಾಳೆಯನ್ನು ಸರಿಪಡಿಸಲು ಒಂದು ಬೇಸಿಗೆ ರಜೆ ಹೋಯಿತು. ಹಾಗಾಗಿ ಆವೃತ್ತಿ, ವರ್ಷ, ತಾಲ್ಲೂಕು, ಸಂಖ್ಯೆ, ಪುಟ ಐದನ್ನೂ ಅವತ್ತೇ ಬರೆಯಿರಿ. ನಾಳೆಗೆ ಇಡಬೇಡಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಬೇರೆ ಕನ್ನಡ ಪುಸ್ತಕಗಳೂ ಸಾವಿರಾರು ಇವೆ. ಹಿಂದಿನ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳು ಅಲ್ಲಿಗೆ ಬಂದಿವೆ. ಬೆಂಗಳೂರಿನಲ್ಲಿ ಸ್ಕ್ಯಾನ್ ಆಗುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹವೂ ಅಲ್ಲೇ ಇದೆ. ಶೀರ್ಷಿಕೆಗಳ ಕಾಗುಣಿತ ಅಡ್ಡಾದಿಡ್ಡಿ. ಲೇಖಕರ ಹೆಸರು, ಪ್ರಕಾಶಕರ ಹೆಸರು, ವರ್ಷ ಹಿಡಿದು ಹುಡುಕಿ. ಕರಾವಳಿ, ಮಿಶನರಿ ಬರವಣಿಗೆ, ತುಳು ಇವುಗಳ ಮೇಲೆ ಕೆಲಸ ಮಾಡುವವರು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಪೋರ್ಟಲ್ ನೋಡಿ. ಮಲಯಾಳಂ ಜಾಸ್ತಿ, ಆದರೆ ಕನ್ನಡ, ತುಳು ಪುಸ್ತಕಗಳೂ ಅಲ್ಲಿವೆ. ವಚನ ಸಾಹಿತ್ಯದವರಿಗೆ ‘ವಚನ ಸಂಚಯ’ ಇದೆ. ಒಂದು ಪದ ಹಾಕಿದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಅದು ಎಲ್ಲೆಲ್ಲಿ ಬಂದಿದೆ ಅಂತ ತೋರಿಸುತ್ತದೆ. ಅರ್ಥ ನೋಡಲು ‘ಅಲರ್’ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಒಂದೂವರೆ ಲಕ್ಷ ಪದಗಳ ಕೆಲಸ ಅದು. ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಇಂಥವರನ್ನು ಪ್ರಬಂಧದ ಕೃತಜ್ಞತೆ ಪುಟದಲ್ಲಿ ನೆನೆಯಿರಿ.

ಚಿತ್ರದಿಂದ ಅಕ್ಷರಕ್ಕೆ

ಸ್ಕ್ಯಾನ್ ಆದ ಪುಟ ಬರೀ ಫೋಟೊ. ಅದರಲ್ಲಿ ಪದ ಹುಡುಕಲು ಆಗುವುದಿಲ್ಲ. ಫೋಟೊದಿಂದ ಅಕ್ಷರ ಓದಿಸುವುದೇ ಒಸಿಆರ್.

ಸುಲಭದ ದಾರಿ ಇದು. ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ನೂರಾರು ಪುಟ ಇದ್ದರೆ ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಕನ್ನಡ ಓದುತ್ತದೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.

ಬಂದ ಪಠ್ಯವನ್ನು ಹಾಗೇ ನಂಬಬೇಡಿ. ಪರದೆಯ ಎಡಕ್ಕೆ ಚಿತ್ರ, ಬಲಕ್ಕೆ ಪಠ್ಯ ಇಟ್ಟುಕೊಂಡು ಸಾಲು ಸಾಲಾಗಿ ನೋಡಿ. ‘ವು’ ಇದ್ದಲ್ಲಿ ‘ಮ’ ಬಂದಿರುತ್ತದೆ. ‘ಧ’ದ ಗೀಟು ಮಾಸಿದ್ದರೆ ‘ದ’ ಆಗಿರುತ್ತದೆ. ಘ, ಫ ಒಂದರ ಜಾಗಕ್ಕೆ ಒಂದು ಬರುತ್ತವೆ. ಒತ್ತಕ್ಷರ ಕೆಳಗಿನ ಸಾಲಿಗೆ ಜಾರಿರುತ್ತದೆ. ಎಲ್ಲಕ್ಕಿಂತ ಮೋಸದ್ದು ಅನುಸ್ವಾರ. ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆ ‘೦’ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ‘ತೂಂಬು’ ಅಂತ ಹುಡುಕಿದರೆ ‘ತೂ೦ಬು’ ಸಿಗುವುದೇ ಇಲ್ಲ. ಪಠ್ಯ ಸಿದ್ಧವಾದ ತಕ್ಷಣ ಒಂದು ಕೆಲಸ ಮಾಡಿ: ಅಂಕಿಯ ಸೊನ್ನೆಯನ್ನು ಹುಡುಕಿ, ಪದದ ಒಳಗೆ ಬಂದಿರುವುದನ್ನೆಲ್ಲ ಅನುಸ್ವಾರಕ್ಕೆ ಬದಲಿಸಿ. ತೇದಿಗಳಲ್ಲಿ ಬರುವ ಸೊನ್ನೆಯನ್ನು ಹಾಗೇ ಬಿಡಿ. ಹತ್ತು ನಿಮಿಷದ ಕೆಲಸ.

ನಿಮ್ಮ ಹಳೆಯ ಕಡತಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ. ಪೆಟ್ಟು ಬೀಳುವುದು ಅಲ್ಲೇ.

ಹುಡುಕುವ ಪದಗಳ ಪಟ್ಟಿ

ಈಗ ಆ ವಿದ್ಯಾರ್ಥಿನಿಯ ಕೆಲಸಕ್ಕೆ ಬರೋಣ. ಅವಳಿಗೆ ನಾನು ಒಂದು ಹಾಳೆಯಲ್ಲಿ ಪದಗಳ ಪಟ್ಟಿ ಮಾಡಿಸಿದೆ. ಒಂದು ಪದಕ್ಕೆ ಎಷ್ಟು ರೂಪ ಇರಬಹುದೋ ಅಷ್ಟನ್ನೂ ಬರೆಯಬೇಕು. ಕೆರೆ, ಕೆಱೆ. ತೂಬು, ತೂಂಬು. ಏರಿ, ಕೋಡಿ, ಕಾಲುವೆ. ಆಮೇಲೆ ಕೆರೆ ಎಂಬ ಪದವೇ ಇಲ್ಲದೆ ಕೆರೆಯ ಬಗ್ಗೆ ಹೇಳುವ ಪದಗಳು: ಬಿತ್ತುವಟ್ಟ, ಕಟ್ಟುಗೊಡಗೆ. ಕೆರೆ ಕಟ್ಟಿಸಿದವರಿಗೋ ನೋಡಿಕೊಳ್ಳುವವರಿಗೋ ಜಮೀನು ಬಿಟ್ಟುಕೊಡುವಾಗ ಬರುವ ಮಾತುಗಳಿವು. ನಿಜವಾದ ಸರಕು ಸಿಕ್ಕಿದ್ದು ಇವುಗಳಿಂದಲೇ.

ಹಳೆಯ ಪಾಠಗಳಲ್ಲಿ ಹುಡುಕುವಾಗ ಮೂರು ಅಕ್ಷರ ನೆನಪಿರಲಿ. ಈಗಿನ ‘ಹ’ ಅಲ್ಲಿ ‘ಪ’ ಆಗಿರಬಹುದು: ಹಳ್ಳಿ ಪಳ್ಳಿ ಆಗಿರುತ್ತದೆ. ‘ಳ’ ಇದ್ದಲ್ಲಿ ‘ೞ’ ಇರಬಹುದು. ‘ರ’ ಇದ್ದಲ್ಲಿ ‘ಱ’ ಇರಬಹುದು. ಕಾಲ ಮುಂದೆ ಬಂದಂತೆ ಎರಡೂ ರೂಪ ಬೆರೆತಿರುತ್ತವೆ, ಹಾಗಾಗಿ ಎರಡನ್ನೂ ಹುಡುಕಬೇಕು. ಫೋನಿನ ಕೀಲಿಮಣೆಯಲ್ಲಿ ೞ, ಱ ಕಾಣದಿದ್ದರೆ ಈ ಲೇಖನದಿಂದಲೇ ನಕಲು ಮಾಡಿ ನಿಮ್ಮ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಿ.

ಸಿಕ್ಕಿದ್ದನ್ನೆಲ್ಲ ಎಕ್ಸೆಲ್ ಥರದ ಹಾಳೆಗೆ ಇಳಿಸಿ. ಶಾಸನದ ಊರು, ತಾಲ್ಲೂಕು, ವರ್ಷ, ರಾಜ, ಬಂದ ಪದ, ಆ ಸಾಲು, ಆವೃತ್ತಿ ಮತ್ತು ಪುಟ. ಮುನ್ನೂರು ಸಾಲು ತುಂಬಿದ ಮೇಲೆ ಕಾಲಾನುಕ್ರಮದಲ್ಲಿ ಜೋಡಿಸಿ. ನಿಮ್ಮ ಅಧ್ಯಾಯಗಳು ಅಲ್ಲೇ ಎದ್ದು ಕಾಣುತ್ತವೆ.

ಪುಸ್ತಕ, ಲೇಖನಗಳ ವಿವರಕ್ಕೆ ಜೊಟೆರೋ ಎಂಬ ತಂತ್ರಾಂಶ ಬಳಸಿ. ಉಚಿತ. ಕನ್ನಡದಲ್ಲಿ ಹೆಸರು ತುಂಬಬಹುದು. ಅಡಿಟಿಪ್ಪಣಿಯನ್ನೂ ಗ್ರಂಥಸೂಚಿಯನ್ನೂ ಅದೇ ಕಟ್ಟಿಕೊಡುತ್ತದೆ. ಕೊನೆಯ ತಿಂಗಳ ನಿದ್ದೆ ಉಳಿಯುತ್ತದೆ.

ಕಲ್ಲಿನ ಹತ್ತಿರ ಹೋಗಿ

ಪುಸ್ತಕದಲ್ಲಿ ಓದಿದ ಶಾಸನವನ್ನು ಆದಷ್ಟು ಕಣ್ಣಾರೆ ನೋಡಿ. ನೂರು ವರ್ಷದ ಹಿಂದಿನ ಪಾಠದಲ್ಲಿ ಚುಕ್ಕಿ ಇಟ್ಟು ಬಿಟ್ಟ ಜಾಗದಲ್ಲಿ ನಿಮಗೆ ಅಕ್ಷರ ಕಾಣಬಹುದು.

ಮಟಮಟ ಮಧ್ಯಾಹ್ನ ಹೋಗಬೇಡಿ. ನೆತ್ತಿ ಮೇಲಿನ ಬಿಸಿಲಲ್ಲಿ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿರುವಾಗ ಹೋಗಿ. ಇನ್ನೂ ಒಳ್ಳೆಯದು ಕತ್ತಲಾದ ಮೇಲೆ. ಒಬ್ಬರು ಫೋನ್ ಹಿಡಿದು ಎದುರಿಗೆ ನಿಲ್ಲಿ. ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗಿಸಿದಂತೆ ಹಿಡಿಯಿರಿ. ಬೆಳಕು ಅಡ್ಡ ಹರಿದ ಕೂಡಲೇ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಹಗಲೆಲ್ಲ ಸಪಾಟಾಗಿ ಕಂಡ ಕಲ್ಲಿನಲ್ಲಿ ಸಾಲು ಸಾಲು ಬರಹ ಎದ್ದು ನಿಲ್ಲುತ್ತದೆ. ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಹಿಡಿದು ನಾಲ್ಕು ಫೋಟೊ ತೆಗೆಯಿರಿ. ಎಡದ ಬೆಳಕಿನಲ್ಲಿ ಕಾಣದ ಗೀಟು ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಫೋನಿನ ಲೊಕೇಶನ್ ಆನ್ ಇರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.

ಸುಣ್ಣ, ಎಣ್ಣೆ, ಬಣ್ಣ, ಸೀಮೆಸುಣ್ಣ ಏನನ್ನೂ ಕಲ್ಲಿಗೆ ಬಳಿಯಬೇಡಿ. ಊರಿನ ಹಿರಿಯರನ್ನು, ದೇವಸ್ಥಾನದವರನ್ನು ಕೇಳಿಯೇ ಕೆಲಸ ಶುರು ಮಾಡಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗಬಹುದು, ಮುಂಚೆಯೇ ವಿಚಾರಿಸಿ.

ಮುಂದಿನ ಮಟ್ಟ ಮೂರು ಆಯಾಮದ ಸ್ಕ್ಯಾನಿಂಗ್. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಸುಮಾರು 750ನೇ ಇಸವಿಯ ಕಿತ್ತಯ್ಯನ ವೀರಗಲ್ಲಿನಂಥ ಕಲ್ಲುಗಳು ಕಟ್ಟಡ ಕೆಲಸದ ನಡುವೆ ಒಡೆದುಹೋಗುವ ಊರು ಅದು. ಕಲ್ಲು ಹೋದರೂ ಅಕ್ಷರ ಉಳಿಯಬೇಕಲ್ಲ. ನಿಮ್ಮ ಹತ್ತಿರ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಇದ್ದರೆ ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶದಿಂದ ಫೋನಿನ ಫೋಟೊಗಳಲ್ಲೇ ಮಾದರಿ ಕಟ್ಟಬಹುದು. ಒಂದರ ಮೇಲೊಂದು ಅರ್ಧಕ್ಕಿಂತ ಜಾಸ್ತಿ ಹಾಸುವಂತೆ, ಸುತ್ತಲೂ ಹತ್ತಾರು ಫೋಟೊ ತೆಗೆಯಬೇಕು, ಅಷ್ಟೇ.

ಎಐ ಕೇಳುವ ಮುಂಚೆ

ಎಐ ಚಾಟ್‌ಬಾಟ್‌ಗಳನ್ನು ಎಲ್ಲರೂ ಬಳಸುತ್ತಿದ್ದಾರೆ. ಕಷ್ಟದ ಇಂಗ್ಲಿಷ್ ಲೇಖನ ಬಿಡಿಸಿಕೊಳ್ಳಲು, ಎಕ್ಸೆಲ್ ಹಾಳೆಯ ಸೂತ್ರ ಬರೆಸಲು ಬಳಸಿ. ಆಕರ ಮಾತ್ರ ಕೇಳಬೇಡಿ. ಇಲ್ಲದ ಪುಸ್ತಕ, ಇಲ್ಲದ ಶಾಸನ ಸಂಖ್ಯೆಯನ್ನು ನಿಜವೆಂಬಂತೆ ಹೇಳಿಬಿಡುತ್ತವೆ. ಹಳಗನ್ನಡದ ಸಾಲಿಗೆ ಅವು ಕೊಡುವ ಅರ್ಥವನ್ನು ನಿಘಂಟು ತೆರೆದು ನೋಡದೆ ಪ್ರಬಂಧಕ್ಕೆ ಹಾಕಬೇಡಿ.

ನಿಯಮ, ದುಡ್ಡು, ಅವಕಾಶ

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಹೀಗಿದೆ: ಹೋಲಿಕೆ 10 ಪ್ರತಿಶತದವರೆಗೆ ಇದ್ದರೆ ದಂಡವಿಲ್ಲ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಹೇಳಿ ಉದ್ಧರಣ ಚಿಹ್ನೆಯಲ್ಲಿ ಕೊಟ್ಟ ಮಾತು, ಗ್ರಂಥಸೂಚಿ ಇವು ಲೆಕ್ಕಕ್ಕೆ ಬರುವುದಿಲ್ಲ. ಶಾಸನ ಪಾಠಗಳನ್ನು ಜಾಸ್ತಿ ಉದ್ಧರಿಸುವವರು ಚಿಹ್ನೆ ಹಾಕುವುದನ್ನು ಮರೆಯಬೇಡಿ.

2022ರ ಪಿಎಚ್‌ಡಿ ನಿಯಮದಲ್ಲಿ, ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಕೇಳಿಕೊಳ್ಳಿ. ಮಾನ್ಯ ಪತ್ರಿಕೆಗಳ ‘ಯುಜಿಸಿ-ಕೇರ್’ ಪಟ್ಟಿಯನ್ನು ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಯುಜಿಸಿ ತಿಳಿಸಿತು. ಹಾಗಾಗಿ ‘ಕೇರ್ ಪಟ್ಟಿಯ ಪತ್ರಿಕೆ, ನಾಲ್ಕು ದಿನದಲ್ಲಿ ಪ್ರಕಟಣೆ, ಎರಡು ಸಾವಿರ ಕಳಿಸಿ’ ಎಂಬ ವಾಟ್ಸಾಪ್ ಸಂದೇಶ ಬಂದರೆ ದುಡ್ಡು ಕಳಿಸಬೇಡಿ. ನಾಲ್ಕು ದಿನದಲ್ಲಿ ಯಾವ ತಜ್ಞರೂ ನಿಮ್ಮ ಲೇಖನ ಓದಿ ತಿದ್ದಿಕೊಡುವುದಿಲ್ಲ.

ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಈ ದರ 2023ರ ಜನವರಿಯಿಂದ ಬಂದದ್ದು. ಜೆಆರ್‌ಎಫ್ ತಪ್ಪಿದರೂ ಎದೆಗುಂದಬೇಡಿ. 2024ರ ಜೂನ್ ಸುತ್ತಿನಿಂದ ನೆಟ್ ಪರೀಕ್ಷೆಯ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತವೆ, ಒಂದು ವರ್ಷದವರೆಗೆ.

ಕಲೆ, ಜಾನಪದ, ದಾಖಲೆ ಸಂಗ್ರಹದ ಕೆಲಸಕ್ಕೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಧನಸಹಾಯ ಕೊಡುತ್ತದೆ. ಅರ್ಜಿಯನ್ನು ಭಾರತೀಯ ಭಾಷೆಗಳಲ್ಲಿ ಬರೆಯಬಹುದು. ಕನ್ನಡದಲ್ಲೇ ಬರೆಯಿರಿ. ತಾಳೆಗರಿ, ಹಸ್ತಪ್ರತಿಯವರು ‘ಜ್ಞಾನ ಭಾರತಂ’ ಯೋಜನೆಯ ಮೇಲೆ ಕಣ್ಣಿಡಿ. 2025ರ ಬಜೆಟ್‌ನಲ್ಲಿ ಘೋಷಿಸಿದ್ದು, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿ. ಹಳೆಯ ಲಿಪಿ ಓದಬಲ್ಲವರು ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಭಾಷಾಶಾಸ್ತ್ರದವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಇದೆ. ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಮುಕ್ತವಾಗಿ ಕೊಡುತ್ತಿದ್ದಾರೆ. ನಮ್ಮ ಒಳನುಡಿಗಳ ಮೇಲೆ ಅದನ್ನಿಟ್ಟು ಎಂಥೆಂಥ ಕೆಲಸ ಮಾಡಬಹುದು ಯೋಚಿಸಿ.

ಸಲ್ಲಿಸುವ ದಿನ

ಪ್ರಬಂಧದ ಪಿಡಿಎಫ್ ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಿ. ಯಾವುದೋ ಒಂದು ಪುಟದಿಂದ ಒಂದು ಸಾಲು ಆರಿಸಿ ನಕಲು ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ. ಸಾಲು ಚೂರುಚೂರಾಗಿ ಬಂದರೆ ನಿಮ್ಮ ಪ್ರಬಂಧವನ್ನು ಮುಂದೆ ಯಾವ ಯಂತ್ರವೂ ಹುಡುಕಿ ಕೊಡುವುದಿಲ್ಲ. ಆಗ ಯುನಿಕೋಡ್ ಫಾಂಟ್ ಹಾಕಿ, ಬೇರೆ ತಂತ್ರಾಂಶದಿಂದ ಪಿಡಿಎಫ್ ಮಾಡಿ ನೋಡಿ. ಶೋಧಗಂಗಾಕ್ಕೆ ಕೊಡುವ ಅರ್ಜಿಯಲ್ಲಿ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ನೀವು ತಿದ್ದಿದ ಶಾಸನ ಪಾಠಗಳನ್ನು, ನೀವೇ ತೆಗೆದ ಫೋಟೊಗಳನ್ನು ಗೈಡ್ ಒಪ್ಪಿದರೆ ಮುಕ್ತವಾಗಿ ಹಂಚಿ. ಬೇರೆಯವರ ಪುಸ್ತಕ ಹಂಚುವಾಗ ಮಾತ್ರ ಹುಷಾರು. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹ 2024ಕ್ಕೆ ಮುಕ್ತವಾಯಿತು. 1975ರಲ್ಲಿ ತೀರಿಕೊಂಡ ಡಿವಿಜಿ ಅವರದಕ್ಕೆ 2036ರವರೆಗೆ ಕಾಯಬೇಕು.

ನನ್ನ ವಿದ್ಯಾರ್ಥಿನಿ ಮೊನ್ನೆ ಮೂರನೇ ಅಧ್ಯಾಯ ತಂದುಕೊಟ್ಟಳು. ಜೊತೆಗೆ ಪದಗಳ ಆ ಹಾಳೆಯೂ ಇತ್ತು. ಅಂಚಿನಲ್ಲಿ ಪೆನ್ನಿನಿಂದ ಹನ್ನೊಂದು ಹೊಸ ಪದ ಸೇರಿಸಿದ್ದಳು. ಅದರಲ್ಲಿ ನಾಲ್ಕು ನನಗೆ ಗೊತ್ತಿರಲಿಲ್ಲ. ಅವುಗಳನ್ನು ಈಗ ನನ್ನ ಹಾಳೆಗೂ ಬರೆದುಕೊಂಡಿದ್ದೇನೆ.